ಕೊಳವೆಗೆ ತುರುಕಿದ ಗೋಣಿಚೀಲ

ಆಯಿ,

ನೀನು ಹೋಗಿ ವರ್ಷವಾಯಿತು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ಮತ್ತೆ ಯಾರ ಮೇಲೆ ಮಾಡಲಿ, ಹೇಳು?

ಹೊಳೆ ನಡುವಿನ ಮಾವಿನಕುರ್ವೆಯಲ್ಲಿ ನಿನಗೆ ಸರ್ಕಾರದ ಮನೆ ಮಂಜೂರಾದ ದಿನ ನೆನಪಿದೆಯಾ? ತೆಂಗಿನ ಮಡಲಿನ ಗುಡಿಸಲು ತಪ್ಪಿತೆಂದು ಕೇರಿಗೆಲ್ಲ ಬೆಲ್ಲ ಹಂಚಿದವಳು ನೀನು. ಗೋಡೆ ಎದ್ದ ಮೇಲೆ ಇಂಜಿನಿಯರ್ ಬಂದ. "ಈಗ ರೂಲ್ಸ್ ಬದಲಾಗಿದೆ. ಹೊಸ ಮನೆಗೆ ಹೊಗೆಯಿಲ್ಲದ ಒಲೆ, ಮೇಲೆ ಹೊಗೆ ಹೋಗೋ ಕೊಳವೆ ಇರ್ಬೇಕು. ಸೌದೆ ಉಳೀಬೇಕು. ಇಲ್ಲದಿದ್ದರೆ ಮನೆ ಪಾಸಾಗೋದಿಲ್ಲ" ಎಂದ. ನೀನು ಒಲೆ ಹಾಕಿಸಿದೆ. ಅವನು ಕೊಳವೆ ಅಳೆದ, ಸಹಿ ಹಾಕಿದ, ದೋಣಿ ಹತ್ತಿ ಹೋದ. ಮಳೆಗಾಲದಲ್ಲಿ ಒಣಮೀನಿನ ಬುಟ್ಟಿ ಎಲ್ಲಿಡುತ್ತೀರಿ ಅಂತ ಒಂದು ಮಾತು ಕೇಳಿದನಾ? ಒಲೆಯ ಹೊಗೆ ತಾಗದಿದ್ದರೆ ಆ ಮೀನಿಗೆ ಬೂಷ್ಟು ಹಿಡಿಯುತ್ತದೆಂದು ಅವನಿಗೆ ಎಲ್ಲಿ ಹೊಳೆಯಬೇಕು! ನೀನಾದರೂ ಬಾಯಿ ಬಿಟ್ಟೆಯಾ?

ಮರುವರ್ಷ ಮಳೆಯಲ್ಲಿ ಕುಮಟೆಯ ಗಂಡನ ಮನೆಯಿಂದ ಬಂದ ನಾನು ನಿನ್ನ ಕೆಮ್ಮು ಕೇಳಿ ಬೆಚ್ಚಿದೆ. "ಇದೆಂತ ಆಯಿ, ಹೊಸ ಒಲೆಲೂ ಇಷ್ಟು ಹೊಗೆ?"

"ಎಂತದೂ ಇಲ್ಲ ಮಗಾ, ಸೌದೆ ಹಸಿ ಅದೆ. ಆತು, ನೀ ಉಣ್ಣು."

ಎರಡು ಮಳೆಗಾಲ ಇದೇ ಸುಳ್ಳು. ಹೊನ್ನಾವರದ ಡಾಕ್ಟರು ಹೊಗೆಯಿಂದ ದೂರ ಇರಿ ಅಂದಾಗಲೂ ಹೂಂಗುಟ್ಟಿದೆಯಲ್ಲ, ನಾಚಿಕೆಯಾಗಲಿಲ್ಲವಾ?

ನಿನ್ನ ಕಾರ್ಯ ಮುಗಿದ ಮರುದಿನ ಒಲೆ ಸಾರಿಸಲು ಹೋಗಿ ಕೊಳವೆಯ ಬಾಯಿಗೆ ಕೈ ಹಾಕಿದೆ. ಗೋಣಿಚೀಲ! ಹೊಗೆ ಹೊರಹೋಗದಂತೆ ಸುತ್ತಿ ತುರುಕಿದ್ದು ಮಸಿ ಹಿಡಿದು ಕಲ್ಲಾಗಿತ್ತು. ಒಲೆಯ ಮೇಲೆ ಬುಟ್ಟಿ ತೂಗುತ್ತಿತ್ತು, ಅದರಲ್ಲಿ ನನಗೆಂದೇ ಕಟ್ಟಿಟ್ಟ ಒಣ ಬಂಗಡೆ. ನಿನ್ನ ಕೈಯ ಮೀನೇ ಬೇಕು, ಪೇಟೆಯದ್ದಕ್ಕೆ ಆ ವಾಸನೆ ಇಲ್ಲ ಎಂದು ಪ್ರತಿವರ್ಷ ಹಟ ಹಿಡಿದವಳು ನಾನೇ. ಒಂದು ಮಾತು ಹೇಳಿದ್ದರೆ ಮೀನನ್ನೇ ಬಿಡುತ್ತಿದ್ದೆನಲ್ಲೇ. ನಾನಾದರೂ ಆ ಕೊಳವೆಯನ್ನೊಮ್ಮೆ...

ಈಗ ಕುಮಟೆಯಲ್ಲಿ ನಮಗೂ ಸರ್ಕಾರದ ಮನೆಯಾಗಿದೆ. ಅದೇ ರೂಲ್ಸು, ಅದೇ ಒಲೆ. ಈ ಸಲ ಮೇಸ್ತ್ರಿಯ ಹತ್ತಿರ ಜಗಳವಾಡಿದೆ: "ಕೊಳವೆ ಹಾಕಿ, ಬೇಡ ಅಂದವರ್ಯಾರು? ಅದರ ಪಕ್ಕಕ್ಕೆ ಒಂದು ಹಲಗೆನೂ ಹೊಡೀರಿ. ಮೀನಿಡ್ಬೇಕು." ಕೊಳವೆಯ ಕಾವಿಗೇ ಮೀನು ಗರಿಗರಿಯಾಗಿ ಇರುತ್ತದೆ ಆಯಿ. ಹೊಗೆ ಬೇಕಾಗಿಯೇ ಇರಲಿಲ್ಲ. ಒಂದು ಹಲಗೆ ಸಾಕಿತ್ತು. ನನಗೆ ಇಷ್ಟು ಹೊಳೆಯಲು ನಿನ್ನ ಜೀವ ಹೋಗಬೇಕಾಯಿತಾ?

ನಿನ್ನೆ ಜಡಿಮಳೆಯಲ್ಲಿ ಆ ಹಲಗೆಯಿಂದ ಬಂಗಡೆ ತೆಗೆದು ಸುಟ್ಟೆ. ಬೂಷ್ಟಿಲ್ಲ, ಹುಳವಿಲ್ಲ. ಹೊಗೆಯ ವಾಸನೆಯೂ ಇಲ್ಲ. ಒಂದು ತುತ್ತೂ ತಿನ್ನದೆ ತಟ್ಟೆಯನ್ನು ಒಲೆಯ ಪಕ್ಕಕ್ಕೆ ಸರಿಸಿದೆ.