ಕಿವಿಗೆ ಬಾಳಿಕೆ ಬರುವಂಥದ್ದು

ಮಾರ್ಚ್ ೯, ಮಂಗಳವಾರ

ಚಿನಕುರುಳಿ,

ಅಪ್ಪನ ಆಶೀರ್ವಾದ ಮೊದಲು, ಹೆಡ್‌ಸೆಟ್ಟಿನ ಮಾತು ಆಮೇಲೆ. ವಿಮಾನ ಹಾರಿಸುವವಳನ್ನು ಇನ್ನೂ ಈ ಹೆಸರಿನಿಂದ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಬೇರೆ ಯಾವುದೂ ನನ್ನ ಪೆನ್ನಿಗೆ ಬರುತ್ತಿಲ್ಲ.

ನಿನ್ನ ಸಂದೇಶ ಬಂದು ಹದಿನೆಂಟು ದಿನವಾಯಿತು. ಎರಡೇ ಸಾಲು. ಮುಂದಿನ ತಿಂಗಳು ಸರಕು ವಿಮಾನದಲ್ಲಿ ಸಹ ಪೈಲಟ್ ಆಗಿ ಸೇರುತ್ತಿದ್ದೇನೆ, ಸದ್ದು ತಡೆಯುವ, ಬಾಳಿಕೆ ಬರುವ ಹೆಡ್‌ಸೆಟ್ ಯಾವುದು ಎಂದು ಕೇಳಿದ್ದೆ. ಮೇಲೆ ‘ಅಪ್ಪ’ ಎಂದಿರಲಿಲ್ಲ, ಕೆಳಗೆ ‘ಹೇಗಿದ್ದೀಯ’ ಎಂದಿರಲಿಲ್ಲ. ಇರಲಿ ಬಿಡು. ಅಮ್ಮ ಹೋದ ಮೇಲೆ ಈ ಮೂರು ವರ್ಷದಲ್ಲಿ ನೀನಾಗಿ ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಆ ಎರಡು ಸಾಲನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನಿನಗೆ ನಗು ಬರುತ್ತದೆ. ಪತ್ರ ಬರೆಯುತ್ತೇನೆ ಎಂದು ಉತ್ತರ ಕೊಟ್ಟೆ. ಬರೆಯಲು ಇಷ್ಟು ದಿನ ಹಿಡಿಯಿತು.

ನಿನಗೆ ತಿಳಿಯದ ಸುದ್ದಿಯೊಂದಿದೆ. ಪೈಲಟ್ ಕೆಲಸ ಬಿಟ್ಟ ಮೇಲೆ ನಾನು ಹೆಡ್‌ಸೆಟ್ ರಿಪೇರಿಗೆ ಇಳಿದಿದ್ದೇನೆ. ಊಟದ ಮೇಜೇ ಆಸ್ಪತ್ರೆ. ಹಾರಲು ಕಲಿಯುವ ಮಕ್ಕಳು ಕತ್ತು ಮುರಿದದ್ದು, ತಂತಿ ಹರಿದದ್ದು ಎಲ್ಲವನ್ನೂ ತಂದು ಸುರಿದು ಹೋಗುತ್ತಾರೆ. ನನ್ನ ಊಟ ಅಡುಗೆಮನೆಯ ಕಟ್ಟೆಯ ಹತ್ತಿರ, ನಿಂತುಕೊಂಡೇ. ಅಮ್ಮ ಇದ್ದಿದ್ದರೆ ಮೇಜನ್ನೂ ನನ್ನನ್ನೂ ಒಟ್ಟಿಗೆ ಹೊರಗೆ ಹಾಕುತ್ತಿದ್ದಳು. ರಿಪೇರಿಯಾದ ಮೇಲೆ, ಸದ್ದು ಸರಿಯಾಗಿ ಬರುತ್ತಿದೆಯೇ ಎಂದು ಅವರೇ ಹಾಕಿಕೊಂಡು ನೋಡಬೇಕು. ಇದು ನನ್ನ ಪದ್ಧತಿ, ನಾನು ಬಹಳ ಶಿಸ್ತಿನವನು ಎಂದು ಅವರು ತಿಳಿದುಕೊಂಡಿದ್ದಾರೆ.

ಅಂಗಡಿಯವನು ಹೊಸದನ್ನು ನೋಡಿ ಹೊಗಳುತ್ತಾನೆ. ನಾನು ಮುರಿದದ್ದನ್ನು ನೋಡಿ ಹೇಳುತ್ತಿದ್ದೇನೆ, ಆದ್ದರಿಂದ ಗಮನವಿಟ್ಟು ಓದು. ಹತ್ತರಲ್ಲಿ ಏಳು ಕೆಡುವುದು ತಂತಿಯಿಂದ, ಅದೂ ಪ್ಲಗ್ಗಿಗೆ ಸೇರುವ ಜಾಗದಲ್ಲಿ. ಅಲ್ಲಿ ಮೂರು ಬೆರಳು ಉದ್ದದ ದಪ್ಪ ರಬ್ಬರ್ ಇರಬೇಕು. ಬಗ್ಗಿಸಿದರೆ ನಿಧಾನವಾಗಿ ಬಾಗಬೇಕು, ಮಡಚಿಕೊಳ್ಳಬಾರದು. ಇಸ್ತ್ರಿಪೆಟ್ಟಿಗೆಯ ತಂತಿಯನ್ನು ದೂರದಿಂದಲೇ ಹಿಡಿದು ಜಗ್ಗುವ ನಿನ್ನ ಕೈಗುಣ ನನಗೆ ಗೊತ್ತು. ಇದನ್ನು ಹಾಗೆ ಜಗ್ಗಬೇಡ. ತಲೆಯ ಮೇಲಿನ ಪಟ್ಟಿಯೊಳಗೆ ಲೋಹ ಇರಲಿ. ಬರೀ ಪ್ಲಾಸ್ಟಿಕ್ಕಿನದು ಬಿಸಿಲಿನಲ್ಲಿ ನಿಂತ ವಿಮಾನದಲ್ಲಿ ಎರಡು ವರ್ಷ ಬೆಂದರೆ ಪಟ್ ಎನ್ನುತ್ತದೆ. ಕಿವಿಯ ಮೆತ್ತೆಗಳು ಬಿಚ್ಚಿ ಬದಲಾಯಿಸುವಂತಿರಬೇಕು. ಹತ್ತು ವರ್ಷದ ಮೇಲೂ ಬಿಡಿಭಾಗ ಸಿಗುತ್ತದೆಯೇ ಎಂದು ಬಾಯಿಬಿಟ್ಟು ಕೇಳು.

ಸದ್ದು ತಡೆಯುವುದರಲ್ಲಿ ಎರಡು ಬಗೆ. ಒಂದು, ಮೆತ್ತೆಯನ್ನು ಕಿವಿಗೆ ಬಿಗಿಯಾಗಿ ಒತ್ತಿ ತಡೆಯುವ ಹಳೆಯ ಬಗೆ. ಇನ್ನೊಂದು ಬ್ಯಾಟರಿಯದು, ಹೊರಗಿನ ಗದ್ದಲವನ್ನು ತಾನೇ ಆಲಿಸಿ, ಅದಕ್ಕೆ ಎದುರಾದ ಸದ್ದು ಹುಟ್ಟಿಸಿ, ಎರಡನ್ನೂ ಇಲ್ಲವಾಗಿಸುತ್ತದೆ. ಪ್ರೊಪೆಲ್ಲರಿನ ದಪ್ಪ ಮೊರೆತಕ್ಕೆ ಎರಡನೆಯದೇ ಮದ್ದು. ಮೊದಲ ದಿನ ಎಂಜಿನ್ ನಿಂತೇ ಹೋಯಿತೇನೋ ಎಂದು ಎದೆ ಧಸಕ್ಕೆನ್ನುತ್ತದೆ, ಹೆದರಬೇಡ. ಆದರೆ ಬ್ಯಾಟರಿ ಸತ್ತರೂ ರೇಡಿಯೋ ಮಾತು ಬರಬೇಕು. ಅಂಗಡಿಯಲ್ಲೇ ಬ್ಯಾಟರಿ ತೆಗೆಸಿ ಪರೀಕ್ಷಿಸು, ಅವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ನಿನ್ನ ಬಿಸಿಲು ಕನ್ನಡಕ ಹಾಕಿಕೊಂಡೇ ಒಂದು ಗಂಟೆ ಕೂತು ನೋಡು. ಕನ್ನಡಕದ ಕಡ್ಡಿ ದಪ್ಪಗಿದ್ದರೆ ಮೆತ್ತೆ ಎದ್ದು ನಿಲ್ಲುತ್ತದೆ, ಆ ಸಂದಿನಲ್ಲಿ ಇಡೀ ಎಂಜಿನ್ ಒಳಗೆ ಬರುತ್ತದೆ.

ಇಷ್ಟಕ್ಕೇ ನಿಲ್ಲಿಸಿ ಸಹಿ ಹಾಕಿದ್ದರೆ ಪತ್ರ ಹದಿನೇಳು ದಿನದ ಹಿಂದೆಯೇ ಅಂಚೆಗೆ ಬಿದ್ದಿರುತ್ತಿತ್ತು. ಮೂರು ಸಲ ಹಾಗೆ ಬರೆದು ಹರಿದೆ.

ನನ್ನ ಹಸಿರು ಹೆಡ್‌ಸೆಟ್ ನಿನಗೆ ನೆನಪಿರಬೇಕು. ಹಾರಲು ಕಲಿಸಿದ ಗುರುಗಳು ಕೊಟ್ಟದ್ದು, ಬ್ಯಾಟರಿ ಇಲ್ಲದ ಹಳೆಯ ಬಗೆಯದು. ಸಹೋದ್ಯೋಗಿಗಳು ಹೊಸದು ತೆಗೆದುಕೊಂಡಾಗೆಲ್ಲ, ಇದಕ್ಕೇನಾಗಿದೆ ಎಂದು ನಾನು ಜಂಭ ಕೊಚ್ಚಿಕೊಳ್ಳುತ್ತಿದ್ದೆ. ಇಪ್ಪತ್ತಾರು ವರ್ಷ ಒಂದು ದಿನವೂ ಕೈಕೊಡಲಿಲ್ಲ. ಹೆಡ್‌ಸೆಟ್ ಬಾಳಿಕೆ ಬಂತು, ಕಿವಿ ಬರಲಿಲ್ಲ. ಎಂಜಿನ್ನಿನ ಗದ್ದಲವನ್ನು ಗೆಲ್ಲಲು ರೇಡಿಯೋದ ಸದ್ದನ್ನು ವರ್ಷಕ್ಕಿಷ್ಟು ಎಂದು ಏರಿಸುತ್ತಾ ಹೋದೆ. ಕೊನೆಗೆ ಗುಂಡಿ ಇನ್ನು ತಿರುಗುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಕಾಕ್‌ಪಿಟ್ಟಿನಲ್ಲಿ ನನಗೆ ಪ್ರತಿಯೊಂದು ಮಾತೂ ಕೇಳಿಸುತ್ತಿತ್ತು, ಇದು ಆಣೆ ಇಟ್ಟು ಹೇಳುವ ಮಾತು. ಮನೆಯಲ್ಲಿ ಮಾತನಾಡುವವರಿಗೆ ಗುಂಡಿ ಇರುವುದಿಲ್ಲ. ಅಲ್ಲಿ ನಾನು ಕಿವುಡನಾಗಿದ್ದೆ.

ಹೌದು, ಕಿವುಡ. ಈ ಪದವನ್ನು ನಾನು ಬರೆಯುತ್ತಿರುವುದು ಇದೇ ಮೊದಲು.

ಅಮ್ಮನಿಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಅವಳು ನನ್ನನ್ನು ಕರೆಯುವುದನ್ನೇ ಬಿಟ್ಟಳು. ಬೇಕಾದಾಗ ನಾನಿರುವ ಕೋಣೆಯ ಲೈಟನ್ನು ಎರಡು ಸಲ ಹಾಕಿ ಆರಿಸುವಳು. ಸ್ವಿಚ್ ಕೆಟ್ಟಿದೆ ಎಂದು ನೀನು ಎಲೆಕ್ಟ್ರಿಷಿಯನ್‌ನನ್ನು ಕರೆಸಲು ಹೊರಟಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಂದವರು ಮಾತನಾಡಿಸಿ ನಾನು ಸುಮ್ಮನಿದ್ದರೆ, “ಅವರು ಇಲ್ಲಿಲ್ಲ, ಮೋಡದ ಮೇಲಿದ್ದಾರೆ” ಎಂದು ನಗಿಸಿ ದಾಟಿಸುತ್ತಿದ್ದಳು. ಅಪ್ಪನಿಗೆ ಜಂಭ, ಮಾತನಾಡಿಸಿದರೂ ತಿರುಗಿ ನೋಡುವುದಿಲ್ಲ ಎಂದು ನೀನು ಸಿಟ್ಟು ಮಾಡಿಕೊಂಡದ್ದು ಎಷ್ಟೋ ಸಲ. ಅಷ್ಟೂ ಸಲ ನಾನು ಜಂಭದವನಾಗಿಯೇ ಉಳಿದೆ.

ವರ್ಷವರ್ಷದ ಕಿವಿ ಪರೀಕ್ಷೆಯಲ್ಲಿ ಹೇಗೆ ಪಾಸಾದೆ ಎಂದು ಕೇಳುತ್ತೀಯ. ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಬೆರಳೆತ್ತಿ ಎನ್ನುತ್ತಾರಲ್ಲ, ಆ ಪರೀಕ್ಷಕ ನನಗೆ ಪಕ್ಕವಾಗಿ ಕೂರುತ್ತಿದ್ದ. ಕೈ ಕಾಣುತ್ತಿರಲಿಲ್ಲ, ಮೊಣಕೈ ಕಾಣುತ್ತಿತ್ತು. ಗುಂಡಿ ಒತ್ತುವಾಗ ಅದು ಒಂದಿಷ್ಟು ಹಿಂದೆ ಸರಿಯುತ್ತಿತ್ತು. ಐದು ವರ್ಷ ನಾನು ಬೆರಳೆತ್ತಿದ್ದು ಆ ಮೊಣಕೈಯನ್ನು ನೋಡಿ.

ಈಗ ಆ ದಿನ. ಬೆಳಗ್ಗೆ ನಾವು ಜಗಳವಾಡಿದ್ದೆವು. ಅಮ್ಮ ಫೋನಿನಲ್ಲಿ ನಿನ್ನ ಹತ್ತಿರ ಅತ್ತಳು, ಕಾರಣ ಮಾತ್ರ ಹೇಳಲಿಲ್ಲ. ಕಾರಣ ಇಷ್ಟೇ. “ಇನ್ನಾದ್ರೂ ಬಿಡಿ, ಹೋಗಿ ನಿಜ ಹೇಳಿ ಬನ್ನಿ, ನಂಗೆ ಭಯ ಆಗುತ್ತೆ” ಎಂದಳು. ಮುಂದಿನ ತಿಂಗಳು ಪರೀಕ್ಷೆ ಇತ್ತು. ಅವಳು ಬರೆದಿಟ್ಟಿದ್ದ ರಾಜೀನಾಮೆಯ ಕಾಗದವನ್ನು ನಾನು ಅವಳ ಮುಂದೆಯೇ ಹರಿದು, ನಿನಗೆ ಏನೂ ತಿಳಿಯುವುದಿಲ್ಲ ಎಂದೆ. ಮಧ್ಯಾಹ್ನ ಎರಡೂವರೆಗೆ ನಾನು ಇದೇ ಮೇಜಿನಲ್ಲಿ, ನಡುಮನೆಗೆ ಬೆನ್ನು ಹಾಕಿ, ಹಾರಾಟದ ಲೆಕ್ಕ ಬರೆಯುತ್ತಿದ್ದೆ. ಅವಳು ಬಚ್ಚಲಿನಲ್ಲಿ ಜಾರಿ ಬಿದ್ದಳು. ಲೈಟಿನ ಸ್ವಿಚ್ ಹೊರಗಿತ್ತು, ಅವಳ ಕೈಗೆ ಎಟುಕಲಿಲ್ಲ. ಕೂಗಿದಳು.

ಮೇಲಿನ ಮನೆಯ ಟೀಚರ್ ನಿನಗೆ ಹೇಳಿದ್ದು ಸುಳ್ಳಲ್ಲ. ಅವರು ಕರೆಗಂಟೆ ಒತ್ತಿದ್ದು, ಬಾಗಿಲು ಬಡಿದದ್ದು, ಅಮ್ಮ ಕೊಟ್ಟಿಟ್ಟಿದ್ದ ಬೀಗದ ಕೈ ಹುಡುಕಿ ತಂದದ್ದು, ಎಲ್ಲ ನಿಜ. “ಎರಡು ಮನೆಗೆ ಕೇಳಿಸ್ತು ಕಣಮ್ಮ, ನಿಮ್ಮಪ್ಪ ಮಾತ್ರ ಕಲ್ಲಿನ ಹಾಗೆ ಕೂತಿದ್ರು” ಎಂದರಂತೆ. ಹಾಗೆಯೇ ಕೂತಿದ್ದೆ. ಅವರು ಭುಜ ಹಿಡಿದು ಅಲ್ಲಾಡಿಸಿದಾಗ ತಿರುಗಿದೆ. ನಲವತ್ತು ನಿಮಿಷವಾಗಿತ್ತು.

ಆಸ್ಪತ್ರೆಯ ಹನ್ನೊಂದು ದಿನಗಳಲ್ಲಿ ನನಗೆ ಹೇಳಲು ಸಮಯವಿತ್ತು. ಎರಡನೆಯ ದಿನವೇ ಮಂಚದ ಪಕ್ಕ ನಿಂತು ನೀನು ನನ್ನ ಮುಖ ನೋಡುತ್ತಾ ಕೇಳಿದೆ, “ಅಪ್ಪ, ಅಮ್ಮ ಕೂಗಿದ್ದು ನಿಂಗೆ ಕೇಳಿಸ್ಲಿಲ್ವಾ?” ನಿನ್ನ ತುಟಿ ಓದಿ ಅರ್ಥ ಮಾಡಿಕೊಂಡೆ. ಅಮ್ಮ ಬಾಯಿ ತೆರೆದಳು. ಎಲ್ಲವನ್ನೂ ಹೇಳಿಬಿಡುತ್ತಾಳೆ ಎಂದು ಗೊತ್ತಾಗಿ, ನೀನು ನೀರು ಬಗ್ಗಿಸಲು ತಿರುಗಿದ ಹೊತ್ತಿನಲ್ಲಿ ನಾನು ತುಟಿಗೆ ಬೆರಳಿಟ್ಟೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ನಿನ್ನತ್ತ ತಿರುಗಿ ಏನೋ ಹೇಳಿದಳು. ಅದೇನೆಂದು ನನಗೆ ಚೀಟಿಯಲ್ಲಿ ಬರೆದು ತೋರಿಸಿದಳು: ‘ನಾನೇ ಜೋರಾಗಿ ಕೂಗಲಿಲ್ಲ ಅಂದೆ.’ ಆ ಸುಳ್ಳು ನನ್ನನ್ನು ಕಾಪಾಡಲು. ನಿನಗೆ ಅದು ಸುಳ್ಳೆಂದು ಗೊತ್ತಿತ್ತು. ಜಗಳದ ಸಿಟ್ಟಿಗೆ ಅಪ್ಪ ಬೇಕೆಂದೇ ಏಳಲಿಲ್ಲ, ಸಾಯುವಾಗಲೂ ಅಮ್ಮ ಅವನನ್ನು ಬಿಟ್ಟುಕೊಡಲಿಲ್ಲ ಎಂದು ನೀನು ತಿಳಿದುಕೊಂಡೆ. ಬೇರೇನು ತಿಳಿದುಕೊಳ್ಳಬೇಕಿತ್ತು ನೀನು? ನಿನ್ನದೇನೂ ತಪ್ಪಿಲ್ಲ, ಮಗಳೇ.

ಆ ನಲವತ್ತು ನಿಮಿಷಕ್ಕೂ ಅವಳ ಸಾವಿಗೂ ಸಂಬಂಧವಿಲ್ಲ, ರಕ್ತ ಹೆಪ್ಪುಗಟ್ಟಿದ್ದು ಆಮೇಲೆ ಎಂದು ಡಾಕ್ಟರು ಹೇಳಿದರು. ಇದನ್ನು ಹೇಳಿ ಹಗುರಾಗಲು ನಾನು ಹೊರಟಿಲ್ಲ. ಅಷ್ಟು ಹೊತ್ತು ಅವಳು ಒದ್ದೆ ನೆಲದ ಮೇಲೆ ಬಿದ್ದು ನನ್ನನ್ನೇ ಕರೆಯುತ್ತಿದ್ದಳು. ನನಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಕರೆಯುತ್ತಿದ್ದಳು.

ಮುಂದಿನ ತಿಂಗಳು ಪರೀಕ್ಷೆಗೆ ಹೋದೆ, ಮೊಣಕೈ ನೋಡಿದೆ, ಪಾಸಾದೆ. ಇನ್ನೂ ಐದು ತಿಂಗಳು ಹಾರಿದೆ. ಇದು ನನ್ನ ಬದುಕಿನ ನಾಚಿಕೆ. ಒಂದು ದಿನ ನನ್ನ ಸಹ ಪೈಲಟ್ ತನ್ನದು ಕೆಟ್ಟಿತೆಂದು ನನ್ನ ಹೆಡ್‌ಸೆಟ್ ಎತ್ತಿ ಕಿವಿಗೆ ಹಾಕಿದವನು ಕೆಂಡ ಮುಟ್ಟಿದವನಂತೆ ಕಿತ್ತೆಸೆದ. ಅದರ ಸದ್ದು ಅಷ್ಟಿತ್ತು. ಅವನು ಗುಂಡಿಯನ್ನು ನೋಡಿ ನನ್ನನ್ನು ನೋಡಿದ. ಮಾರನೆಯ ದಿನವೇ ಬೆನ್ನುನೋವು ಎಂದು ಬರೆದು ರಾಜೀನಾಮೆ ಕೊಟ್ಟೆ. ಕೆಲಸ ಬಿಡುವಾಗಲೂ ನಿಜ ಬರೆಯಲು ನನ್ನ ಕೈ ಏಳಲಿಲ್ಲ.

ಹೆಡ್‌ಸೆಟ್ ಆರಿಸಿದ್ದೇನೆ. ಬೂದು ಬಣ್ಣದ್ದು, ಬ್ಯಾಟರಿಯದು. ಅದರ ಮಾದರಿಯ ಸಂಖ್ಯೆ ಬೇರೆ ಚೀಟಿಯಲ್ಲಿದೆ. ಇಲ್ಲಿಯವರೆಗೆ ಅಂಥದ್ದು ಒಂದೇ ಒಂದು ನನ್ನ ಮೇಜಿಗೆ ಬಂದಿದೆ, ಅದೂ ಅದರ ಮೇಲೆ ವ್ಯಾನ್ ಹತ್ತಿದ್ದರಿಂದ. ಗುಂಡಿಯನ್ನು ಅರ್ಧದ ಕೆಳಗಿಡು. ಕೆಲಸಕ್ಕೆ ಸೇರುವ ಮೊದಲು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ ಕಾಗದ ಜೋಪಾನವಾಗಿಡು, ಪ್ರತಿವರ್ಷ ಹೊಸದನ್ನು ಅದರ ಪಕ್ಕದಲ್ಲಿಟ್ಟು ನೋಡು. ಪರೀಕ್ಷೆಯಲ್ಲಿ ಕಣ್ಣು ಮುಚ್ಚಿಕೊಂಡು ಕೂರು. ಎಂದಾದರೂ ಕೇಳಿಸದಿದ್ದರೆ, ಕೇಳಿಸಲಿಲ್ಲ ಎಂದು ಹೇಳು. ಬೇಕಾದರೆ ಆಕಾಶ ಬಿಟ್ಟು ಬಾ, ಮನೆಯವರನ್ನು ಬಿಡಬೇಡ.

ಕ್ಷಮಿಸು ಎಂದು ಬರೆಯುವ ಧೈರ್ಯ ನನಗಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಪ್ಪ

ತಾ.ಕ.: ಮೊನ್ನೆ ಭಾನುವಾರ ನೀನು ಫೋನ್ ಮಾಡಿದೆ. ಪರದೆಯ ಮೇಲೆ ನಿನ್ನ ಹೆಸರು ನೋಡಿ, ತಡೆಯಲಾರದೆ ಎತ್ತಿಬಿಟ್ಟೆ. ಆರು ನಿಮಿಷ ಮಾತನಾಡಿದೆ ನೀನು. ನಡುವೆ ನಾನು ಮೂರು ನಾಲ್ಕು ಸಲ ಹೂಂ ಎಂದೆ, ಆಮೇಲೆ ಪರದೆ ಆರಿತು. ಒಂದಕ್ಷರವೂ ನನಗೆ ಕೇಳಿಸಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿ, ಅಮ್ಮ ಕೂಗಿದ್ದು ಕೇಳಿಸಿತ್ತಾ ಎಂದಿದ್ದರೆ, ಅದಕ್ಕೂ ನಾನು ಹೂಂ ಎಂದಿರಬೇಕು.