ನಗಬಾರದ ಫೋಟೊ

ರೀ,

ಬೇಕರಿಯ ರಾತ್ರಿಪಾಳಿ ಮುಗಿಸಿ ಈಗಷ್ಟೇ ಮಲಗಿದ್ದೀರಿ, ಎಬ್ಬಿಸಲು ಮನಸ್ಸಾಗಲಿಲ್ಲ. ಫೋಟೊ ಸ್ಟುಡಿಯೋಗೆ ಹೊರಟಿದ್ದೇನೆ. ವೀಸಾ ಏಜೆಂಟ್ ಫೋನ್ ಮಾಡಿದ್ದರು. ನಿಮ್ಮ, ಮಕ್ಕಳ ಫೋಟೊಗಳು ಸರಿಯಾಗಿವೆಯಂತೆ. ನನ್ನದೊಂದೇ ವಾಪಸ್ಸು, ಹಲ್ಲು ಕಾಣುತ್ತಿದೆಯಂತೆ.

ಹಾಲು ಕಾಯಿಸಿಟ್ಟಿದ್ದೇನೆ. ದೊಡ್ಡವನ ಶೂ ಒದ್ದೆ, ಚಪ್ಪಲಿಯಲ್ಲೇ ಕಳಿಸಿ. ಚಿಕ್ಕವಳ ಜುಟ್ಟು ದಯವಿಟ್ಟು ತಲೆಯ ನಡುವೆ ಕಟ್ಟಿ, ಮೊನ್ನೆಯಂತೆ ಕಿವಿಯ ಮೇಲಲ್ಲ.

ನಿಮ್ಮಣ್ಣ ಫೋನ್ ಮಾಡಿದರೆ ಜಗಳ ಬೇಡ. ‘ಹೆಂಡ್ತಿ ಓದೋಕೆ ಹೊರಡೋದು, ಗಂಡ ಅವಳ ಹಿಂದೆ ಹೋಗೋದು! ಮನೆ ಮರ್ಯಾದೆ ಏನಾಗ್ಬೇಕು?’ ಎಂದು ಮತ್ತೆ ಶುರು ಮಾಡುತ್ತಾರೆ. ಹೂಂ ಅಂದುಬಿಡಿ, ಅವರಿಗೂ ಸಮಾಧಾನ.

ಮಕ್ಕಳ ಶಾಲೆಗೆಂದು ದೇಶ ಬಿಡುವವರು ನಾವು, ನನ್ನ ಓದು ಯಾರ ಲೆಕ್ಕದಲ್ಲಿತ್ತು? ಬೇಕರಿ ಕೆಲಸದ ವೀಸಾ ಆದರೆ ಮೊದಲು ನೀವೊಬ್ಬರೇ ಹೋಗಬೇಕು, ಓದುವ ವೀಸಾ ಆದರೆ ನಾಲ್ವರೂ ಒಟ್ಟಿಗೆ ಹೋಗಬಹುದು ಎಂದು ಏಜೆಂಟ್ ಹೇಳಿದಾಗ ನಾನು ನೆಲ ನೋಡುತ್ತಿದ್ದೆ. ನೀವು ಮಾತ್ರ ಹಿಂದೆಮುಂದೆ ನೋಡದೆ, ‘ಇವಳು ಓದ್ತಾಳೆ ಸಾರ್. ಮದ್ವೆ ಅಂತ ಅರ್ಧಕ್ಕೆ ಬಿಟ್ಟಿದ್ದಾಳೆ. ನಾನು ಸೆರಗು ಹಿಡ್ಕೊಂಡು ಹೋಗ್ತೀನಿ’ ಅಂದುಬಿಟ್ಟಿರಿ.

ಅಲ್ಲಿಂದ ನೇರ ಫೋಟೊ ತೆಗೆಸಲು ಹೋದೆವಲ್ಲ. ‘ನಗಬೇಡಿ ಮೇಡಂ’ ಎಂದು ಸ್ಟುಡಿಯೋದವರು ಗೋಗರೆದರು. ಮುಖ ಎಷ್ಟು ಬಿಗಿದರೂ ತುಟಿ ನನ್ನ ಮಾತು ಕೇಳಲಿಲ್ಲ.

ಇವತ್ತೂ ಕೇಳುವ ಲಕ್ಷಣವಿಲ್ಲ. ಆದ್ದರಿಂದ ನೀವು ಜೊತೆಗೆ ಬಾರದೆ ಮಲಗಿರುವುದೇ ಒಳ್ಳೆಯದು. ದಾರಿಯುದ್ದಕ್ಕೂ ನಿಮ್ಮಣ್ಣನನ್ನೇ ನೆನೆಸಿಕೊಂಡು ಹೋಗುತ್ತೇನೆ.