ಮರ್ಜಿಯಾ ಮತ್ತು ‘ಪೋರ್’

ಫೆಬ್ರವರಿ 3
ಮತ್ತೆ ಮಿಲ್ಡುರಾ ಊರಿನ ಲೈಬ್ರರಿಯ ಹಿಂದಿನ ಕೋಣೆ, ವಲಸೆ ಬಂದವರಿಗೆ ನನ್ನ ಇಂಗ್ಲಿಷ್ ಕ್ಲಾಸು. ಇವತ್ತಿನ ಪದ ‘ಪೋರ್’, ಅಂದರೆ ಸುರಿ. ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿ ತೋರಿಸಿದೆ. ವಿಲಿಯಾಮಿ ಸುಮ್ಮನಿರುವ ಆಸಾಮಿಯೇ?
“ಇದೇನ್ ಪೋರ್ ಟೀಚರ್? ಪೋರ್ ಅಂದ್ರೆ ಕಾಂಕ್ರೀಟು. ಟೊಂಗಾದಲ್ಲಿ ನಮ್ಮ ಚರ್ಚಿನ ನೆಲಕ್ಕೆ ನಾನೇ ಹಾಕಿದ್ದು!”
ಎಲ್ಲರೂ ನಕ್ಕರು. ಮಳೆ ಜೋರಾದರೂ ಪೋರ್, ಬಾಗಿಲಿಂದ ಜನ ನುಗ್ಗಿ ಬಂದರೂ ಪೋರ್, ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಕೊಂಡರೂ ಪೋರ್ ಎಂದೆ. ಮರ್ಜಿಯಾ ಹುಬ್ಬು ಗಂಟಿಕ್ಕಿದಳು.
“ಮನಸ್ಸೇನು ಜಗ್ಗಾ ಟೀಚರ್? ನಮ್ಮಲ್ಲಿ ಅದನ್ನ ಮುಚ್ಚಿಡ್ತಾರೆ. ಸುರಿಯಲ್ಲ.”
ಅವಳು ತನ್ನ ಊರು ಬಾಮಿಯಾನ್ ಬಿಟ್ಟು ಬಂದು ಆರು ವರ್ಷ. ವಿಲಿಯಾಮಿ ದುಡಿಯುವ ಶೆಡ್ಡಿನಲ್ಲೇ ಇವಳಿಗೂ ದ್ರಾಕ್ಷಿ ಪ್ಯಾಕಿಂಗ್ ಕೆಲಸ. ಅವಳ ಬಾಯಿಂದ ಇಷ್ಟು ಮಾತು ಇವತ್ತೇ ಕೇಳಿದ್ದು.

ಫೆಬ್ರವರಿ 10
ನಲವತ್ತೈದು ಡಿಗ್ರಿ ಬಿಸಿಲು. ಕ್ಲಾಸಿಗೆ ಮರ್ಜಿಯಾ ಒಬ್ಬಳೇ. ವಿಲಿಯಾಮಿಯ ಹೆಂಡತಿ ಸಲೋಟೆ ಶೆಡ್ಡಿನಲ್ಲಿ ಬವಳಿ ಬಂದು ಬಿದ್ದಳಂತೆ. ತಗಡಿನ ಸೂರು. ಫ್ಯಾನು ಕೆಟ್ಟು ವಾರವಾಯಿತು. ಸೂಪರ್‌ವೈಸರ್ ಡಾರಿಲ್ ನೀರು ಕುಡಿಯಲೂ ಬಿಡುವುದಿಲ್ಲ... ಒಂದೊಂದೇ ಪದ ಹುಡುಕಿ ಇಷ್ಟು ಹೇಳಿದಳು. ಸಲೋಟೆ ಆಸ್ಪತ್ರೆಯಲ್ಲಿ. ಜೀವಕ್ಕೆ ಅಪಾಯವಿಲ್ಲ, ಸದ್ಯ.

ಫೆಬ್ರವರಿ 14
ಮರ್ಜಿಯಾ ಬಂದಿದ್ದಳು. ಸಲೋಟೆ ಬಿದ್ದದ್ದರ ವಿಚಾರಣೆಗೆ ನಾಳೆ ಶೆಡ್ಡಿಗೆ ಸರ್ಕಾರಿ ಇನ್‌ಸ್ಪೆಕ್ಟರ್.
“ಮಾತಾಡಿದ್ರೆ ಕೆಲಸ ಹೋಗುತ್ತೆ ಟೀಚರ್.”
“ಹಾಗಾದ್ರೆ ಬೇಡ ಬಿಡು” ಅಂದುಬಿಟ್ಟೆ. ಅವಳು ನನ್ನನ್ನು ನೋಡಿದ ನೋಟ!
“ಸುಮ್ನಿದ್ರೆ ನಾಳೆ ಇನ್ನೊಬ್ಬಳು ಬೀಳ್ತಾಳೆ.”

ಫೆಬ್ರವರಿ 15
ಸಂಜೆ ವಿಲಿಯಾಮಿ ಫೋನು ಮಾಡಿ ಎಲ್ಲ ಹೇಳಿದ. ಕೆಲಸದವರ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಫೋನಿನಲ್ಲಿ ದುಭಾಷಿ ಸಿಗಬೇಕಿತ್ತು — ಲೈನೇ ಸಿಗಲಿಲ್ಲ. ಇನ್‌ಸ್ಪೆಕ್ಟರ್ ಹೆಂಗಸು, ಇನ್ನೊಂದು ದಿನ ಬರುತ್ತೇನೆಂದು ಎದ್ದರಂತೆ. ಮರ್ಜಿಯಾ ಅಡ್ಡ ನಿಂತಳು.
“ಕೂತ್ಕೊಳ್ಳಿ. ನಾನು ಪೋರ್ ಮಾಡ್ತೀನಿ.”
“ಏನನ್ನ? ಟೀಯನ್ನಾ?” ಡಾರಿಲ್ ಕಿಸಕ್ಕೆಂದ.
ಟೀ ಅಲ್ಲ. ವ್ಯಾಕರಣವೆಲ್ಲ ತಲೆಕೆಳಗು, ಆದರೆ ಕೆಟ್ಟ ಫ್ಯಾನು, ನೀರಿನ ಕೋಣೆಗೆ ಬಿದ್ದ ಬೀಗ, ಸಲೋಟೆಯ ಬಿಳಿಚಿದ ತುಟಿ — ಒಂದನ್ನೂ ಬಿಡಲಿಲ್ಲವಂತೆ. ಇನ್‌ಸ್ಪೆಕ್ಟರ್ ಬರೆದುಕೊಂಡೇ ಬರೆದುಕೊಂಡರು.
“ನಮ್ ಮರ್ಜಿಯಾನೇನಾ ಇವಳು ಅನ್ನಿಸ್ತು ಟೀಚರ್!” ಎಂದ ವಿಲಿಯಾಮಿ.

ಫೆಬ್ರವರಿ 18, ಬೆಳಿಗ್ಗೆ
ಅವತ್ತಿನಿಂದ ಮರ್ಜಿಯಾಗೆ ಕೆಲಸಕ್ಕೆ ಕರೆಯುವ ಶಿಫ್ಟಿನ ಮೆಸೇಜೇ ಬಂದಿಲ್ಲ. ನಮ್ಮ ಮನೆಗೆ ಬಂದಿದ್ದಾಳೆ. ನಾನು ಕೊತಕೊತ ಕುದಿಯುತ್ತಿದ್ದೇನೆ, ಅವಳು ನನ್ನ ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಾಳೆ.
“ಹೋದ್ರೆ ಹೋಗ್ಲಿ ಬಿಡಿ ಟೀಚರ್. ರಾತ್ರಿ ನಿದ್ದೆ ಚೆನ್ನಾಗಿ ಬಂತು.”
ಎಂಥ ಹೆಂಗಸು!

ಹನ್ನೊಂದು ಗಂಟೆ
ವಿಲಿಯಾಮಿಯ ಫೋನು. ಶೆಡ್ಡು ಖಾಲಿ!
“ಪೋರ್ ಆದ್ವಿ ಟೀಚರ್, ಬಾಗಿಲಿಂದ ಎಲ್ಲರೂ ಪೋರ್ ಆದ್ವಿ!”
ಮರದ ನೆರಳಲ್ಲಿ ಕೂತಿದ್ದಾರಂತೆ. ಮರ್ಜಿಯಾ ಬರುವವರೆಗೆ ಒಂದು ಗೊಂಚಲೂ ಮುಟ್ಟುವುದಿಲ್ಲ. ಅವಳಿಗೆ ಹೇಳಿದೆ. ಅವಳು ಚಾಕು ಕೆಳಗಿಟ್ಟು, ಗೋಡೆಯ ಕಡೆ ತಿರುಗಿದಳು.

ಮಧ್ಯಾಹ್ನ
ಮನೆ ಮುಂದೆ ಡಾರಿಲ್‌ನ ಪಿಕಪ್. ಒಬ್ಬನೇ. ಶೆಡ್ಡಿನ ಮಾಲೀಕ ಅಟ್ಟಿರಬೇಕು. ನಾನು ಏಳಹೋದೆ.
“ನೀವು ಬರೀತಾ ಇರಿ ಟೀಚರ್. ನಾನ್ ನೋಡ್ಕೋತೀನಿ.”
ತಲೆವಸ್ತ್ರ ಸರಿಮಾಡಿಕೊಂಡು ಹೋದಳು. ಬಾಗಿಲು ತೆರೆದ ಸದ್ದು. ಅವನು ಏನೋ ಗೊಣಗುತ್ತಿದ್ದಾನೆ — ಬಾ, ಎಲ್ಲ ಕಾಯ್ತಿದ್ದಾರೆ, ಗಾಡಿ ತಂದಿದ್ದೀನಿ... ಮರ್ಜಿಯಾಳ ಇಂಗ್ಲಿಷು ಇಲ್ಲಿಯವರೆಗೂ ಸ್ಪಷ್ಟವಾಗಿ ಕೇಳುತ್ತಿದೆ.
“ಬರ್ತೀನಿ ಡಾರಿಲ್. ಫ್ಯಾನು ರಿಪೇರಿ ಆಯ್ತಾ?”
ಈಗ ಅವನು ಫೋನು ಮಾಡಿ, ಫ್ಯಾನು ಇವತ್ತೇ ರಿಪೇರಿ ಆಗಬೇಕು ಅಂತ ಯಾರಿಗೋ —